ಕ್ರೋಮ್‌ನಲ್ಲಿ ಉಳಿಸಿದ ಪುಟ .ಎಂಎಚ್‌ಟಿಎಂಎಲ್ ಆಗಿದೆ, .ಎಚ್‌ಟಿಎಂಎಲ್ ಎಂದು ಹೆಸರು ಬದಲಿಸಿದರೆ ಬರೀ ಕೋಡ್ ಕಾಣುತ್ತಿದೆ

ಓದುಗೂಡು:
ವಿಂಡೋಸ್ 11, ಕ್ರೋಮ್. ಸುಮಾರು 200 ಕನ್ನಡ ಲೇಖನಗಳನ್ನು ನೆಟ್ ಇಲ್ಲದಾಗ ಓದಲು ಉಳಿಸಿಕೊಳ್ಳಬೇಕು. ಕಂಟ್ರೋಲ್-ಎಸ್ ಒತ್ತಿದರೆ ಒಂದು ಕಂಪ್ಯೂಟರ್‌ನಲ್ಲಿ .ಎಚ್‌ಟಿಎಂಎಲ್ ಫೈಲು, ಜೊತೆಗೆ ‘_ಫೈಲ್ಸ್’ ಎಂದು ಕೊನೆಯಾಗುವ ಫೋಲ್ಡರ್ ಬರುತ್ತದೆ. ಇನ್ನೊಂದರಲ್ಲಿ ಒಂದೇ .ಎಂಎಚ್‌ಟಿಎಂಎಲ್ ಫೈಲು. ಅದರ ಹೆಸರನ್ನು .ಎಚ್‌ಟಿಎಂಎಲ್ ಎಂದು ಬದಲಿಸಿದರೆ ಪುಟದ ಬದಲು ‘=3ಡಿ’ ತುಂಬಿದ ಗೊಂದಲ ಕಾಣುತ್ತದೆ. ಲಿಂಕಿನಿಂದ ನೇರವಾಗಿ ಉಳಿಸಿದ ಕೆಲವು ಫೈಲುಗಳಿಗೆ .ಪಿಎಚ್‌ಪಿ ಅಂಟಿಕೊಂಡಿದೆ. ಎಲ್ಲವನ್ನೂ ಒಂದೇ ರೂಪಕ್ಕೆ ತರುವುದು ಹೇಗೆ?

ತಂತುಜಾಲ:
ಫೈಲುಗಳು ಹಾಳಾಗಿಲ್ಲ, ಗಾಬರಿ ಬೇಡ. ಹೆಸರನ್ನು ಮತ್ತೆ .ಎಂಎಚ್‌ಟಿಎಂಎಲ್ ಮಾಡಿ, ಕ್ರೋಮ್ ಅಥವಾ ಎಡ್ಜ್‌ನಲ್ಲಿ ತೆರೆದುಕೊಳ್ಳುತ್ತವೆ.

ಪುಟ ನೆಟ್‌ನಿಂದ ಬರುವಾಗ ಅದು ಏನೆಂದು ಹೇಳುವುದು ಸರ್ವರ್ ಕಳಿಸುವ ಕಂಟೆಂಟ್-ಟೈಪ್ ಹೆಡರ್, ಅಂದರೆ ಪುಟದ ಜೊತೆ ಬರುವ ‘ಇದು ಇಂಥ ಬಗೆ’ ಎಂಬ ಚೀಟಿ. ವಿಳಾಸದ ಕೊನೆಯಲ್ಲಿ .ಪಿಎಚ್‌ಪಿ ಇರಲಿ, ಏನೂ ಇಲ್ಲದಿರಲಿ, ‘ಟೆಕ್ಸ್ಟ್/ಎಚ್‌ಟಿಎಂಎಲ್’ ಎಂದು ಬಂದರೆ ಬ್ರೌಸರ್ ಅದನ್ನು ಪುಟವಾಗಿ ತೋರಿಸುತ್ತದೆ. ಡಿಸ್ಕಿಗೆ ಇಳಿದ ಮೇಲೆ ಆ ಹೆಡರ್ ಇರುವುದಿಲ್ಲ, ಅದರ ಕೆಲಸವನ್ನು ಎಕ್ಸ್‌ಟೆನ್ಷನ್ (ಫೈಲಿನ ಹೆಸರಿನಲ್ಲಿ ಕೊನೆಯ ಚುಕ್ಕಿಯ ನಂತರದ ಭಾಗ) ಮಾಡಬೇಕು. ಎಂಎಚ್‌ಟಿಎಂಎಲ್ ಎಂದರೆ ಇಮೇಲ್ ಕಟ್ಟುವ ರೀತಿಯಲ್ಲೇ ಪುಟ, ಚಿತ್ರ, ಸ್ಟೈಲ್ ಎಲ್ಲವನ್ನೂ ಒಂದೇ ಫೈಲಿನಲ್ಲಿ ಕಟ್ಟಿದ ಗಂಟು (ಇಂಟರ್ನೆಟ್ ಮಾನದಂಡಗಳ ದಾಖಲೆ ಆರ್‌ಎಫ್‌ಸಿ 2557, 1999). ಹೆಸರು ಬದಲಿಸಿದರೆ ಬ್ರೌಸರ್ ಗಂಟು ಬಿಚ್ಚದೆ ಮೇಲಿನ ಹೊದಿಕೆಯನ್ನೇ ಪುಟವೆಂದು ಓದುತ್ತದೆ. ನಿಮಗೆ ಕಂಡ ‘=3ಡಿ’ ಅಲ್ಲಿ ಬರೀ ಒಂದು ಸಮ ಚಿಹ್ನೆ.

.ಪಿಎಚ್‌ಪಿ ವಿಷಯ ಬೇರೆ. ಸರ್ವರ್ ಕಳಿಸಿದ್ದು ಪಿಎಚ್‌ಪಿ ಪ್ರೋಗ್ರಾಮನ್ನಲ್ಲ, ಅದು ಓಡಿ ತಯಾರಿಸಿದ ಎಚ್‌ಟಿಎಂಎಲ್. ಒಳಗಿರುವುದು ಅದೇ ಆದ್ದರಿಂದ ಅಲ್ಲಿ ಹೆಸರು ಬದಲಿಸಿದರೆ ಸಾಕು. ಅನುಮಾನವಿದ್ದರೆ ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ: ಮೊದಲ ಸಾಲು ‘ಡಾಕ್‌ಟೈಪ್’ ಎಂದಿದ್ದರೆ ಎಚ್‌ಟಿಎಂಎಲ್, ‘ಫ್ರಮ್: ಸೇವ್ಡ್ ಬೈ ಬ್ಲಿಂಕ್’ ಎಂದಿದ್ದರೆ ಕ್ರೋಮ್ ಕಟ್ಟಿದ ಎಂಎಚ್‌ಟಿಎಂಎಲ್.

ಕೀಲಿಮಣೆ_ಕಾಯಕ:
ಎರಡು ಕಂಪ್ಯೂಟರ್‌ಗಳ ವ್ಯತ್ಯಾಸಕ್ಕೆ ಕಾರಣ ಇಷ್ಟೇ: ಸೇವ್ ಡಬ್ಬಿಯಲ್ಲಿ ಹೆಸರಿನ ಕೆಳಗಿರುವ ‘ಸೇವ್ ಆ್ಯಸ್ ಟೈಪ್’ ಪಟ್ಟಿಯಲ್ಲಿ ಕಳೆದ ಸಲ ಆರಿಸಿದ್ದನ್ನು ಕ್ರೋಮ್ ನೆನಪಿಟ್ಟುಕೊಳ್ಳುತ್ತದೆ. ಅಲ್ಲಿ ಮೂರಿವೆ. ‘ಎಚ್‌ಟಿಎಂಎಲ್ ಓನ್ಲಿ’ ಸರ್ವರ್ ಕಳಿಸಿದ ಮೂಲವನ್ನಷ್ಟೇ ಇಳಿಸುತ್ತದೆ. ಲೇಖನವನ್ನು ಸ್ಕ್ರಿಪ್ಟ್ (ಪುಟದೊಳಗೆ ಓಡುವ ಪುಟ್ಟ ಪ್ರೋಗ್ರಾಮ್) ಆಮೇಲೆ ತಂದು ತುಂಬುವ ತಾಣವಾದರೆ ಬರಹವೇ ಇರುವುದಿಲ್ಲ. ‘ಕಂಪ್ಲೀಟ್’ ಪರದೆ ಮೇಲೆ ಆಗ ಇದ್ದ ಸ್ಥಿತಿಯನ್ನು ಉಳಿಸುತ್ತದೆ, ಆದರೆ ಸ್ಕ್ರಿಪ್ಟುಗಳೂ ಜೊತೆಗೇ ಬರುವುದರಿಂದ ಕೆಲವು ಪುಟಗಳು ತೆರೆದ ಕೂಡಲೇ ಖಾಲಿಯಾಗುತ್ತವೆ. ‘ಸಿಂಗಲ್ ಫೈಲ್’ ಎಂಎಚ್‌ಟಿಎಂಎಲ್, ಅದರಲ್ಲಿ ಸ್ಕ್ರಿಪ್ಟ್ ಓಡುವುದಿಲ್ಲ. ಯಾವುದನ್ನೇ ಆರಿಸಿ, ಮೊದಲು ಪುಟವನ್ನು ಕೊನೆಯವರೆಗೂ ಸರಿಸಿ. ಕೆಳಗಿನ ಚಿತ್ರಗಳು ಎಷ್ಟೋ ತಾಣಗಳಲ್ಲಿ ಕಣ್ಣಿಗೆ ಬಿದ್ದಾಗಲೇ ಲೋಡ್ ಆಗುವುದು.

ಫೋಲ್ಡರ್ ಇರುವ ಪುಟವಾದರೆ ಫೋಲ್ಡರಿನ ಹೆಸರು ಮುಟ್ಟಬೇಡಿ. ಚಿತ್ರಗಳ ದಾರಿ ಆ ಹೆಸರಿನ ಮೇಲೇ ನಿಂತಿದೆ. ವಿಂಡೋಸ್ ಎಕ್ಸ್‌ಪ್ಲೋರರ್ ಇವೆರಡನ್ನೂ ಜೋಡಿ ಎಂದೇ ಎಣಿಸುತ್ತದೆ, ಒಂದನ್ನು ಅಳಿಸಿದರೆ ಇನ್ನೊಂದೂ ಹೋಗುತ್ತದೆ. ಲಿನಕ್ಸ್‌ನಲ್ಲಿ ಈ ನಂಟಿಲ್ಲ, ಎರಡನ್ನೂ ನೀವೇ ಸಾಗಿಸಬೇಕು. ಯಾರಿಗಾದರೂ ಕಳಿಸುವಾಗ ಜಿಪ್ ಮಾಡಿ.

ಹೆಸರು ಬದಲಿಸುವ ಮುನ್ನ ಎಕ್ಸ್‌ಪ್ಲೋರರ್‌ನಲ್ಲಿ ವ್ಯೂ, ಶೋ, ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್ ಆನ್ ಮಾಡಿ. ಇಲ್ಲದಿದ್ದರೆ ‘ಲೇಖನ.ಎಚ್‌ಟಿಎಂಎಲ್.ಎಂಎಚ್‌ಟಿಎಂಎಲ್’ ಆಗಿ ಕೂರುತ್ತದೆ, ನಿಮಗೆ ಕಾಣುವುದು ಅರ್ಧ ಮಾತ್ರ.

ಓದುಗೂಡು:
ಧನ್ಯವಾದ, .ಪಿಎಚ್‌ಪಿ ಫೈಲುಗಳು ಸರಿಹೋದವು. 200 ಫೈಲುಗಳೊಳಗೆ ಕನ್ನಡ ಪದ ಹುಡುಕಲೂ ಆಗಬೇಕು. ಆಮೇಲೆ ಇವು ಲಿನಕ್ಸ್‌ನ ಉಬುಂಟುಗೆ ಹೋಗುತ್ತವೆ, ಅಲ್ಲಿರುವುದು ಫೈರ್‌ಫಾಕ್ಸ್.

ತಂತುಜಾಲ:
ಹಾಗಾದರೆ ಎಂಎಚ್‌ಟಿಎಂಎಲ್ ಬಿಟ್ಟುಬಿಡಿ. ಫೈರ್‌ಫಾಕ್ಸ್ ಅದನ್ನು ತಾನಾಗಿ ತೆರೆಯುವುದಿಲ್ಲ. ಹುಡುಕಾಟವೂ ಕೈಕೊಡುತ್ತದೆ: ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ‘ಕ’ ಎಂಬುದು 3 ಬೈಟ್, ಎಂಎಚ್‌ಟಿಎಂಎಲ್‌ನೊಳಗೆ ಒಂದೊಂದು ಬೈಟೂ ಮೂರು ಚಿಹ್ನೆಗಳಾಗಿ ‘=ಇ0=ಬಿ2=95’ ಎಂದು ಕೂತಿರುತ್ತದೆ. ಒಂದು ಅಕ್ಷರಕ್ಕೆ 9 ಚಿಹ್ನೆ, ಸಾಲದ್ದಕ್ಕೆ ಪದದ ನಡುವೆಯೇ ಸಾಲು ಮುರಿದಿರುತ್ತದೆ. ಸಾಮಾನ್ಯ ಹುಡುಕಾಟಕ್ಕೆ ಕನ್ನಡ ಅಲ್ಲಿ ಸಿಗುವುದೇ ಇಲ್ಲ.

‘ಸಿಂಗಲ್‌ಫೈಲ್’ ಎಂಬ ಆ್ಯಡ್-ಆನ್ ಹಾಕಿಕೊಳ್ಳಿ, ಕ್ರೋಮ್, ಫೈರ್‌ಫಾಕ್ಸ್ ಎರಡಕ್ಕೂ ಇದೆ. ಅದು ಚಿತ್ರಗಳನ್ನು ಪುಟದೊಳಗೇ ಸೇರಿಸಿ ನಿಜವಾದ ಒಂದೇ .ಎಚ್‌ಟಿಎಂಎಲ್ ಕೊಡುತ್ತದೆ. ಚಿತ್ರದ ಪ್ರತಿ 3 ಬೈಟ್ 4 ಆಗುವುದರಿಂದ ಗಾತ್ರ ಸ್ವಲ್ಪ ಹೆಚ್ಚುತ್ತದೆ, ಬರಹ ಮಾತ್ರ ಕನ್ನಡವಾಗಿಯೇ ಉಳಿಯುತ್ತದೆ. ತಾಣಗಳು ಇನ್ನೂ ಇರುವಾಗಲೇ ಮತ್ತೊಮ್ಮೆ ಉಳಿಸಿಕೊಳ್ಳುವುದು ಒಳ್ಳೆಯದು. ಈಗಿರುವ ಎಂಎಚ್‌ಟಿಎಂಎಲ್ ಪ್ರತಿಗಳನ್ನು ಅಲ್ಲಿಯವರೆಗೆ ಅಳಿಸಬೇಡಿ.

ಅಕ್ಷರಸಂಖ್ಯೆ:
ಉಬುಂಟು ಎಂದಿರಿ, ಅದಕ್ಕೇ ಒಂದು ಮಾತು. ಅಲ್ಲಿ ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ಇಎಕ್ಸ್‌ಟಿ4 ವ್ಯವಸ್ಥೆಯಲ್ಲಿ ಫೈಲಿನ ಹೆಸರು 255 ಬೈಟ್ ಮೀರುವಂತಿಲ್ಲ. ಅದೇ ಕೆಲಸ ಮಾಡುವ ವಿಂಡೋಸ್‌ನ ಎನ್‌ಟಿಎಫ್‌ಎಸ್ ಬೈಟ್ ಎಣಿಸದೆ 255 ಯುಟಿಎಫ್-16 ಘಟಕ (ಒಂದು ಕನ್ನಡ ಸಂಕೇತಕ್ಕೆ ಒಂದು) ಎಣಿಸುತ್ತದೆ, ಆದ್ದರಿಂದ ಇಲ್ಲಿ ಹಿಡಿಸಿದ ಉದ್ದ ಶೀರ್ಷಿಕೆ ಅಲ್ಲಿ ಹಿಡಿಸದೆ ನಕಲು ನಿಲ್ಲುತ್ತದೆ. ‘.ಎಚ್‌ಟಿಎಂಎಲ್’ ಬಾಲಕ್ಕೆ 5 ಬೈಟ್ ಹೋದರೆ ಕನ್ನಡಕ್ಕೆ ಉಳಿಯುವುದು ತಲಾ 3 ಬೈಟಿನ 83 ಸಂಕೇತ. ಒತ್ತು, ಗುಣಿತ ಎಲ್ಲ ಬೇರೆ ಬೇರೆ ಲೆಕ್ಕ: ‘ಕ್ಷೇ’ ಒಂದಕ್ಕೇ 4 ಸಂಕೇತ, 12 ಬೈಟ್. ಉಳಿಸುವಾಗಲೇ ಶೀರ್ಷಿಕೆಯನ್ನು ಐದಾರು ಪದಕ್ಕೆ ಕತ್ತರಿಸಿ. ಕತ್ತರಿಸುವಾಗ ಕೊನೆಯ ಚುಕ್ಕಿ ಮತ್ತು ಅದರ ಮುಂದಿನದು ಹಾಗೇ ಇರಲಿ.