ಥರ್ಡ್ ಪಾರ್ಟಿ ಅನ್ನೋದಕ್ಕೆ ಖ್ಮೇರ್ ಭಾಷೆಯಲ್ಲಿ ಏನಂತಾರೆ?

ಪೀಣ್ಯ ಎರಡನೇ ಹಂತ:
ಎಲ್ಲರಿಗೂ ನಮಸ್ಕಾರ. ಪೀಣ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ ಆಫೀಸ್ ಕೆಲಸ ನನ್ನದು. ನಮ್ಮ ಆರ್ಡರ್ ಸ್ವಲ್ಪ ಕಾಂಬೋಡಿಯಾದಲ್ಲೂ ಹೊಲಿಸುತ್ತೇವೆ, ಹಾಗಾಗಿ ಇಂಗ್ಲಿಷ್, ಕನ್ನಡ, ಖ್ಮೇರ್ ಮೂರರಲ್ಲೂ ಒಂದು ಪದಪಟ್ಟಿ ಮಾಡುತ್ತಿದ್ದೇನೆ. ಕರಾರಿನಲ್ಲಿ 'ಥರ್ಡ್ ಪಾರ್ಟಿ ಇನ್ಸ್‌ಪೆಕ್ಷನ್' ಅಂತಿತ್ತು. ಮೊಬೈಲಿನಲ್ಲಿ ಬರೀ 'ಪಾರ್ಟಿ' ಅಂತ ಹಾಕಿ, ಬಂದ ಪದವನ್ನೇ ಪಟ್ಟಿಗೆ ಸೇರಿಸಿ ಕಳಿಸಿದೆ. ಅಲ್ಲಿನ ಸೂಪರ್‌ವೈಸರ್ ಮೇಡಂ ಗಾಬರಿಯಿಂದ ಫೋನ್ ಮಾಡಿದರು, ಬಟ್ಟೆ ಚೆಕ್ ಮಾಡೋಕೆ ರಾಜಕೀಯ ಪಕ್ಷದವರು ಯಾಕೆ ಬರ್ತಾರೆ ಅಂತ! ಸರಿಯಾದ ಪದ ಯಾವುದು?

ಅಕ್ಷರಪ್ರೇಮಿ:
ನಿಮಗೆ ಸಿಕ್ಕಿದ್ದು 'ಕನಪಾಕ್' ಇರಬೇಕು. ಬರೆಯೋದು 'ಗಣಪಕ್ಷ' ಅಂತಲೇ, ನಮ್ಮ ಗಣ, ನಮ್ಮ ಪಕ್ಷ. ಅವರ ಅಕ್ಷರಮಾಲೆಯೂ ಕ ಖ ಗ ಘ ಅಂತಲೇ ಶುರುವಾಗುತ್ತೆ, ಆದರೆ ಈಗ 'ಗ' ಬರೆದರೂ 'ಕ' ಅಂತ ಓದುತ್ತಾರೆ. ಅಲ್ಲಿನ ಆಳುವ ಪಕ್ಷದ ಹೆಸರಲ್ಲಿ 'ಪ್ರಜಾಜನ' ಅನ್ನೋ ಪದವೂ ಇದೆ, ಮೊದಲ ಸಲ ನೋಡಿದಾಗ ನನಗೆ ತುಂಬಾ ಖುಷಿಯಾಗಿತ್ತು. ಕರಾರಿಗೆ ಬೇಕಾದ ಪದ 'ಭಾಗೀ', ಓದೋದು ಸುಮಾರು 'ಫಿಯಾಕೀ' ಅಂತ. ಥರ್ಡ್ ಪಾರ್ಟಿ ಅಂದ್ರೆ 'ಫಿಯಾಕೀ ತೀ ಬೇಯ್'. 'ಬೇಯ್' ಅಂದ್ರೆ ಮೂರು.

ಕೋರ್ಟ್ ಪಕ್ಕದ ಟೈಪಿಸ್ಟ್:
ಒಂದು ಮಾತು ಸೇರಿಸ್ತೀನಿ. ನಾವು ಕರಾರಿನಲ್ಲಿ ದಿನಾ 'ಒಂದನೇ ಪಕ್ಷಗಾರರು' ಅಂತ ಟೈಪ್ ಮಾಡ್ತೀವಿ. ಕನ್ನಡದ ಕಾಲಮ್ ನೋಡಿಕೊಂಡು ಖ್ಮೇರ್‌ಗೂ 'ಪಕ್ಷ' ಹಾಕಿಬಿಟ್ಟರೆ ಮತ್ತೆ ಅದೇ ತಪ್ಪಾಗುತ್ತೆ. ಅದಕ್ಕೇ ಪಟ್ಟಿಯಲ್ಲಿ 'ಪಾರ್ಟಿ' ಅಂತ ಒಂದೇ ಸಾಲು ಇಡಬೇಡಿ, ಅರ್ಥಕ್ಕೊಂದು ಸಾಲು ಮಾಡಿ, ಪಕ್ಕದಲ್ಲೇ ಒಂದು ಉದಾಹರಣೆ ವಾಕ್ಯ ಬರೀರಿ. ನಮ್ಮ ಬ್ರೋಕರ್‌ಗಳು 'ಸೈಟ್ ತೋರಿಸೋಕೆ ಪಾರ್ಟಿ ಕರ್ಕೊಂಡು ಬರ್ತೀನಿ' ಅಂತಾರಲ್ವಾ, ಅಲ್ಲಿ ಪಾರ್ಟಿ ಅಂದ್ರೆ ಗಿರಾಕಿ!

ಪೀಣ್ಯ ಎರಡನೇ ಹಂತ:
ತುಂಬಾ ಥ್ಯಾಂಕ್ಸ್, ಈಗಲೇ ತಿದ್ದುತ್ತೇನೆ. ಬಯ್ಯರ್ ಕಡೆಯ ಆರು ಜನ ಬರ್ತಾರೆ, ಅದಕ್ಕೂ ಇಂಗ್ಲಿಷಿನಲ್ಲಿ ಪಾರ್ಟಿ ಅಂತಲೇ ಬರೆದಿದ್ದಾರೆ. ಅದಕ್ಕೇನು?

ಅಕ್ಷರಪ್ರೇಮಿ:
ಅದು 'ಕ್ರೊಮ್', ಗುಂಪು, ತಂಡ ಅಂತ. ಕಂಪನಿಗೂ 'ಕ್ರೊಮ್‌ಹುನ್' ಅಂತಾರೆ, ಹುನ್ ಅಂದ್ರೆ ಷೇರು. ಬಂದವರಿಗೆ ಊಟದ ಪಾರ್ಟಿ ಇದ್ದರೆ ಮಾತ್ರ 'ಪಿಥೀ ಚುಪ್‌ಲಿಯಂಗ್'. ಆ ಪಿಥೀ ನಮ್ಮ 'ವಿಧಿ'ನೇ. ಕಳಿಸೋ ಮುಂಚೆ ಆ ಮೇಡಂಗೆ ಒಂದ್ಸಲ ಓದಿ ಹೇಳಿ.