ಮರಿ ಉಳಿಯುವ ಹಾಗೆ ಕಾಣ್ತಿಲ್ಲ. ಇನ್ನೂ ಕಾಯಬೇಕಾ, ನೋವು ಮುಗಿಸಬೇಕಾ?

ಹಿತ್ತಲಕೋಳಿ:

ನಮಸ್ಕಾರ. ಇನ್‌ಕ್ಯುಬೇಟರಿನಲ್ಲಿ ಮಾಡಿಸಿದ ಕೋಳಿಮರಿಗಳಲ್ಲಿ ಒಂದಕ್ಕೆ ತುಂಬಾ ಹುಷಾರಿಲ್ಲ. ಮೊಟ್ಟೆಯಿಂದ ಹೊರಬಂದು ಇವತ್ತಿಗೆ ನಾಲ್ಕನೇ ದಿನ. ಉಳಿದವೆಲ್ಲ ತಿಂದುಕೊಂಡು, ಓಡಾಡಿಕೊಂಡು ಚೆನ್ನಾಗಿವೆ. ಇದು ಮಾತ್ರ ನಿನ್ನೆ ಇಡೀ ದಿನ ಬಲ್ಬಿನ ಕೆಳಗೆ ಕಣ್ಣು ಮುಚ್ಚಿ ತೂಕಡಿಸುತ್ತಾ ನಿಂತಿತ್ತು, ಈಗ ನಿಲ್ಲುವುದಕ್ಕೂ ಆಗುತ್ತಿಲ್ಲ. ಹೊಟ್ಟೆ ಊದಿಕೊಂಡು ಮೆತ್ತಗಾಗಿದೆ. ಹೊಕ್ಕುಳಿನ ಜಾಗ ಒಣಗಿಲ್ಲ, ಸುತ್ತ ಚರ್ಮ ನೀಲಿಗಟ್ಟಿದೆ, ಹತ್ತಿರ ಮೂಗಿಟ್ಟರೆ ಕೆಟ್ಟ ವಾಸನೆ. ನೀರು ತೋರಿಸಿದರೆ ಕೊಕ್ಕು ಅದ್ದುತ್ತದೆ, ಆದರೆ ಕುಡಿಯುತ್ತಿದೆಯೋ ಇಲ್ಲವೋ ಗೊತ್ತಾಗುತ್ತಿಲ್ಲ.

ಪಶುವೈದ್ಯರು ಸಿಗುವುದು ನಾಳೆ ಬೆಳಗ್ಗೆ. ಅಲ್ಲಿಯವರೆಗೆ ಏನು ಮಾಡಲಿ? ಅತ್ತೆ "ಅದರ ಪಾಡಿಗೆ ಬಿಟ್ಟುಬಿಡು, ತಾನಾಗೇ ಹೋಗುತ್ತೆ" ಅಂತಾರೆ. ಹಾಗೆ ಬಿಡೋಕೆ ನನಗೆ ಮನಸ್ಸಿಲ್ಲ. ಅದು ಒದ್ದಾಡುವುದನ್ನು ರಾತ್ರಿಯೆಲ್ಲ ನೋಡುತ್ತಾ ಕೂರುವುದೂ ಸರಿ ಅನ್ನಿಸುತ್ತಿಲ್ಲ. ಮಗಳಂತೂ ಬಾಕ್ಸಿನ ಪಕ್ಕ ಬಿಟ್ಟು ಏಳುತ್ತಿಲ್ಲ. ಇಂಥದ್ದು ಬದುಕುತ್ತದಾ? ಇಲ್ಲ ಅಂದರೆ ಯಾವಾಗ, ಹೇಗೆ ಮುಗಿಸಬೇಕು? ಸುತ್ತಿ ಬಳಸಿ ಹೇಳಬೇಡಿ, ಇದ್ದದ್ದು ಇದ್ದ ಹಾಗೆ ಹೇಳಿ.

ಕಾವುಗೂಡು:

ಅಕ್ಕ, ನೀವು ಬರೆದದ್ದು ನೋಡಿದರೆ ಇದು ಹೊಕ್ಕುಳ ಸೋಂಕು ಇರಬಹುದು. ಮರಿ ಹೊರಬರುವ ಸ್ವಲ್ಪ ಮೊದಲು ಮೊಟ್ಟೆಯ ಹಳದಿ ಭಾಗ ಅದರ ಹೊಟ್ಟೆಯೊಳಗೆ ಹೋಗುತ್ತದೆ, ಆಮೇಲೆ ಹೊಕ್ಕುಳು ಮುಚ್ಚಿಕೊಳ್ಳಬೇಕು. ಆ ಹಳದಿಯೇ ಮೊದಲ ಎರಡು ಮೂರು ದಿನದ ಊಟ. ತಾಯಿಯಿಂದ ಬರುವ ರೋಗ ತಡೆಯುವ ಶಕ್ತಿಯೂ ಅದರಿಂದಲೇ. ಹೊಕ್ಕುಳು ಸರಿಯಾಗಿ ಮುಚ್ಚದಿದ್ದರೆ, ಅಥವಾ ಬ್ಯಾಕ್ಟೀರಿಯಾ ಮೊಟ್ಟೆಯೊಳಗೇ ಸೇರಿಕೊಂಡಿದ್ದರೆ (ಹೆಚ್ಚಾಗಿ ಇ. ಕೋಲಿ), ಹಳದಿ ಒಳಗೇ ಕೊಳೆಯುತ್ತದೆ. ಆಗ ಮರಿಗೆ ಊಟವೂ ಇಲ್ಲ, ಶಕ್ತಿಯೂ ಇಲ್ಲ, ಮೇಲೆ ನಂಜು ಬೇರೆ.

ನೇರವಾಗಿ ಹೇಳಿ ಅಂದಿರಿ, ಹೇಳುತ್ತೇನೆ. ವಾಸನೆ ಬರುವ ಹಂತ ತಲುಪಿ, ನಿಲ್ಲುವುದನ್ನೂ ಬಿಟ್ಟ ಮರಿ ಉಳಿಯುವುದು ತೀರಾ ಅಪರೂಪ. ಇಂಥವು ಹೆಚ್ಚಾಗಿ ಮೊದಲ ವಾರದೊಳಗೇ ಹೋಗಿಬಿಡುತ್ತವೆ. ಡಾಕ್ಟರು ಆ್ಯಂಟಿಬಯಾಟಿಕ್ ಕೊಡಬಹುದು, ಆದರೆ ಕೊಳೆತ ಹಳದಿಯೊಳಗೆ ಔಷಧಿ ಸರಿಯಾಗಿ ತಲುಪುವುದಿಲ್ಲ.

ಬೆಳಗ್ಗೆವರೆಗೆ ನಿಮ್ಮ ಕೈಲಿರುವುದು ಮೊದಲಿಗೆ ಬಿಸಿ. ಕೋಳಿಯ ಮೈ ಬಿಸಿಯೇ 41 ಡಿಗ್ರಿ ಸೆಲ್ಸಿಯಸ್ ಹತ್ತಿರ ಇರುತ್ತದೆ, ಮೊದಲ ವಾರದ ಮರಿ ಆ ಬಿಸಿಯನ್ನು ತಾನೇ ಉಳಿಸಿಕೊಳ್ಳಲಾರದು. ಬೇರೆ ಬಾಕ್ಸಿನಲ್ಲಿ ಇಡಿ, ಮರಿ ಇರುವ ಮಟ್ಟದಲ್ಲಿ 32ರಿಂದ 35 ಡಿಗ್ರಿ ಬರಲಿ. ಬಾಕ್ಸಿನ ಒಂದು ಕಡೆ ಮಾತ್ರ ಬಿಸಿ ಇರಲಿ. ಅದಕ್ಕೆ ಸರಿಯೋಕೆ ಆಗದಿದ್ದರೆ ನೀವೇ ನೋಡುತ್ತಿರಬೇಕು, ಬಾಯಿ ತೆರೆದು ಏದುಸಿರು ಬಿಟ್ಟರೆ, ರೆಕ್ಕೆ ಅಗಲಿಸಿದರೆ ಬಿಸಿ ಜಾಸ್ತಿಯಾಗಿದೆ ಅಂತ. ಕೆಳಗೆ ನ್ಯೂಸ್‌ಪೇಪರ್ ಹಾಸಬೇಡಿ, ಕಾಲು ಜಾರುತ್ತದೆ. ಒರಟು ಬಟ್ಟೆ ಹಾಕಿ, ಇನ್ನೊಂದನ್ನು ಉಂಗುರದ ಹಾಗೆ ಸುತ್ತಿ ನಡುವೆ ಕೂರಿಸಿ, ಪಕ್ಕಕ್ಕೆ ಬೀಳುವುದಿಲ್ಲ.

ಮೈ ಬಿಸಿಯಾದ ಮೇಲೆ ನೀರು. ತಣ್ಣಗಿರುವ ಮರಿಗೆ ಏನೂ ಕೊಡಬೇಡಿ, ಒಳಗೆ ಹೋದದ್ದು ಅರಗುವುದಿಲ್ಲ. ಉಗುರುಬೆಚ್ಚಗಿನ ನೀರಿಗೆ ಸ್ವಲ್ಪ ಸಕ್ಕರೆ ಹಾಕಿ, ಬೆರಳ ತುದಿಯಲ್ಲಿ ಒಂದು ಹನಿ ತೆಗೆದು ಕೊಕ್ಕಿನ ಪಕ್ಕಕ್ಕೆ ತಾಗಿಸಿ. ಅದೇ ನುಂಗಬೇಕು. ಸಿರಿಂಜಿನಲ್ಲಿ ಬಾಯೊಳಗೆ ಬಿಡಲೇಬೇಡಿ. ಉಸಿರಿನ ದಾರಿ ನಾಲಿಗೆಯ ಹಿಂದೆಯೇ ಇದೆ, ನೀರು ಸೀದಾ ಅಲ್ಲಿಗೆ ಹೋಗುತ್ತದೆ. ನುಂಗುತ್ತಿಲ್ಲ ಅಂದರೆ ಅಲ್ಲಿಗೆ ನಿಲ್ಲಿಸಿ. ಊದಿದ ಹೊಟ್ಟೆ ಒತ್ತಬೇಡಿ, ಸೂಜಿ ಹಾಕಿ ಖಾಲಿ ಮಾಡುವ ಯೋಚನೆಯೂ ಬೇಡ.

ಬಿಳಿಪುಕ್ಕ:

ಕಾವುಗೂಡು ಅವರು ಹೇಳಿದ್ದು ಸರಿ. ಆದರೂ ಒಂದು ಮಾತು ಸೇರಿಸಲೇಬೇಕು. ಮುಗಿಸುವ ನಿರ್ಧಾರಕ್ಕೆ ಮೊದಲು ಅದು ಹೊಕ್ಕುಳೇನಾ, ಹಿಂಭಾಗವಾ ಅಂತ ಬೆಳಕಿನಲ್ಲಿ ಇನ್ನೊಂದು ಸಲ ನೋಡಿ. ಹಿಕ್ಕೆ ಹಾಕುವ ಜಾಗ ಬಾಲದ ಕೆಳಗೇ ಇರುತ್ತದೆ, ಹೊಕ್ಕುಳು ಅದಕ್ಕಿಂತ ಮುಂದೆ, ಹೊಟ್ಟೆಯ ಕಡೆ. ಹಿಕ್ಕೆ ಅಂಟಿ ಒಣಗಿ ದಾರಿಯೇ ಮುಚ್ಚಿಹೋದ ಮರಿಯೂ ಹೊಟ್ಟೆ ಊದಿಸಿಕೊಂಡು ಹೀಗೇ ತೂಕಡಿಸುತ್ತದೆ, ಅದೂ ನಾರುತ್ತದೆ. ಬೆಚ್ಚಗಿನ ನೀರಿನಲ್ಲಿ ಬಟ್ಟೆ ಅದ್ದಿ ನೆನೆಸಿ ನೆನೆಸಿ ಮೆಲ್ಲಗೆ ತೆಗೆದು, ಪೂರ್ತಿ ಒಣಗಿಸಿ, ಬಿಸಿಯಲ್ಲಿಟ್ಟರೆ ಎಷ್ಟೋ ಸಲ ಸ್ವಲ್ಪ ಹೊತ್ತಿಗೇ ಎದ್ದು ಓಡಾಡುತ್ತದೆ. ಒಣಗಿದ್ದನ್ನು ಹಾಗೇ ಕೀಳಬಾರದು, ಚರ್ಮ ಕಿತ್ತುಬರುತ್ತದೆ. ಹೊಕ್ಕುಳಿನ ಮೇಲೆ ಒಣಗಿ ನಿಂತ ಚಿಕ್ಕ ದಾರದಂಥದ್ದನ್ನು ಹಿಕ್ಕೆ ಅಂದುಕೊಂಡು ಎಳೆದರಂತೂ ಮರಿ ಹೋಯಿತು ಅಂತಲೇ ಲೆಕ್ಕ.

ಇಷ್ಟು ಹೇಳೋಕೆ ಕಾರಣ ಇದೆ. ನೋಡೋಕೆ ಭಯ ಹುಟ್ಟಿಸಿದರೂ ವಾಸಿಯಾಗುವಂಥವು ಬೇಕಾದಷ್ಟಿವೆ, ಜನ ಅವನ್ನೂ "ಆಗಲ್ಲ ಬಿಡು" ಅಂತ ಕೈಬಿಡುತ್ತಾರೆ. ಎರಡು ಕಾಲೂ ಪಕ್ಕಕ್ಕೆ ಜಾರಿ ಹೊಟ್ಟೆಯ ಮೇಲೆ ಬಿದ್ದ ಮರಿಗೆ ಮೊದಲ ಒಂದೆರಡು ದಿನದಲ್ಲೇ ಮೆತ್ತನೆಯ ಅಂಟುಪಟ್ಟಿಯಿಂದ ಕಾಲುಗಳನ್ನು ಸರಿಯಾದ ಅಗಲಕ್ಕೆ ಕಟ್ಟಿದರೆ ಹೆಚ್ಚಾಗಿ ನೆಟ್ಟಗಾಗುತ್ತದೆ. ಬೆರಳು ಒಳಕ್ಕೆ ಮಡಚಿಕೊಂಡು ಮಂಡಿಯ ಮೇಲೆ ನಡೆಯುವುದು ಬಿ2 ವಿಟಮಿನ್ ಕೊರತೆಯಿಂದ ಆಗಬಹುದು, ಆ ವಿಟಮಿನ್ ಬೇಗ ಕೊಡೋಕೆ ಶುರು ಮಾಡಿದರೆ ಸರಿಹೋಗುತ್ತದೆ. ಕತ್ತು ತಿರುಚಿಕೊಂಡ ಮರಿಗೂ ಕೆಲವೊಮ್ಮೆ ವಿಟಮಿನ್ನಿನಿಂದಲೇ ಗುಣವಾಗುತ್ತದೆ. (ಬೆಳೆದ ಮರಿಗಳಲ್ಲಿ ಕತ್ತು ತಿರುಚುವುದರ ಜೊತೆ ಹಸಿರು ಭೇದಿಯೂ ಇದ್ದರೆ ಅದು ಕೊಕ್ಕರೆ ರೋಗ (ರಾಣಿಖೇತ್) ಇರಬಹುದು, ತಕ್ಷಣ ಡಾಕ್ಟರಿಗೆ ಹೇಳಬೇಕು.) ಇವುಗಳಲ್ಲೆಲ್ಲ ಮರಿಯ ಕಣ್ಣು ತೆರೆದಿರುತ್ತದೆ, ತಿನ್ನುವ ಆಸೆ ಇರುತ್ತದೆ, ಕೂಗಿಕೊಳ್ಳುತ್ತದೆ. ಮರಿ ಗಟ್ಟಿಯಾಗಿ ಚಿಂವ್ ಚಿಂವ್ ಅಂತಿದ್ದರೆ ಚಳಿಯೋ ಹಸಿವೋ ಇರಬಹುದು, ಅದಕ್ಕೆ ಏನಾದರೂ ಮಾಡಬಹುದು. ಪೂರ್ತಿ ಸದ್ದಡಗಿ ಕೂತರೆ ನನಗೆ ಜಾಸ್ತಿ ಭಯ.

ನಿಮ್ಮದು ಯಾವ ಕಡೆ ಅಂತ ನೋಡಿ ಹೇಳಿ.

ಹಿತ್ತಲಕೋಳಿ:

ಟಾರ್ಚ್ ಹಿಡಿದು ನೋಡಿದೆ. ಹಿಂಭಾಗ ಸ್ವಚ್ಛವಾಗಿದೆ, ಒದ್ದೆ ಇರುವುದು ಹೊಕ್ಕುಳೇ. ಬಿಸಿ ಸರಿಮಾಡಿದ್ದೇನೆ. ಒಂದೆರಡು ಹನಿ ನುಂಗಿತು, ಆಮೇಲೆ ತಲೆ ಕೆಳಗೆ ಹಾಕಿತು. ಮುಟ್ಟಿದರೆ ಕಣ್ಣು ಅರ್ಧ ತೆರೆಯುತ್ತದೆ. ಮಗಳು "ಅದಕ್ಕೆ ನೋವಾಗ್ತಿದೆಯಾ ಅಮ್ಮ" ಅಂತ ಕೇಳುತ್ತಿದ್ದಾಳೆ. ಏನು ಹೇಳಲಿ?

ಮುಂಗೋಳಿ:

ತಂಗಿ, ನೋವಾಗುತ್ತಿದೆ ಅಂತಲೇ ಹೇಳಿ. ಮಕ್ಕಳಿಗೆ ಸುಳ್ಳು ಬೇಗ ಗೊತ್ತಾಗುತ್ತದೆ. "ಹೌದು, ನೋವಿದೆ, ಅದಕ್ಕೇ ಬೆಚ್ಚಗೆ ಇಟ್ಟಿದ್ದೇವೆ, ನಾಳೆ ಡಾಕ್ಟರಿಗೆ ತೋರಿಸ್ತೇವೆ, ವಾಸಿ ಆಗದೇನೂ ಇರಬಹುದು" ಅಂದರೆ ಸಾಕು. ಹೋದ ಮೇಲೂ "ಮಲಗಿಕೊಂಡಿತು" ಅನ್ನಬೇಡಿ, ಆಮೇಲೆ ಮಗು ಮಲಗೋಕೇ ಹೆದರಬಹುದು. ಸತ್ತುಹೋಯಿತು ಅಂತ ಹೇಳಿ. ಮತ್ತೆ ಅವಳು ಮರಿಗೆ ಮುತ್ತು ಕೊಡದ ಹಾಗೆ ನೋಡಿಕೊಳ್ಳಿ, ಮುಟ್ಟಿದ ಕೈ ಪ್ರತಿ ಸಲ ಸೋಪು ಹಾಕಿ ತೊಳೆಯಲಿ. ಚೆನ್ನಾಗಿರುವ ಮರಿಯಿಂದಲೂ ಸಾಲ್ಮೊನೆಲ್ಲಾ (ಭೇದಿ, ಜ್ವರ ತರುವ ಬ್ಯಾಕ್ಟೀರಿಯಾ) ಬರುತ್ತದೆ, ಐದು ವರ್ಷದೊಳಗಿನ ಮಕ್ಕಳಿಗೆ ಅದು ಜೋರಾಗಿಯೇ ಕಾಡುತ್ತದೆ.

ಯಾವಾಗ ಅನ್ನುವುದಕ್ಕೆ ನಾನು ನೋಡುವುದು ಇಷ್ಟೇ: ತಾನಾಗಿ ನುಂಗುತ್ತದಾ, ತಲೆ ಎತ್ತಿ ಹಿಡಿಯುತ್ತದಾ, ಸದ್ದಿಗೆ ತಿರುಗುತ್ತದಾ, ಬೆಚ್ಚಗೆ ಇಟ್ಟ ಮೇಲೆ ಒಂದು ಚೂರಾದರೂ ಗೆಲುವಾಯಿತಾ? ಬಿಸಿ, ನೀರು ಎರಡೂ ಸಿಕ್ಕ ಮೇಲೂ ಇಳಿಯುತ್ತಲೇ ಇದ್ದರೆ, ಅಷ್ಟರ ಮೇಲೆ ಕಾಯುವುದು ಮರಿಗಾಗಿ ಅಲ್ಲ ಅಂತ ನನ್ನ ಅಭಿಪ್ರಾಯ. ಈ ಮಾತಿಗೆ ಇಲ್ಲಿ ಕೆಲವರಿಗೆ ಬೇಜಾರಾಗಬಹುದು. ಆದರೆ "ತಾನಾಗೇ ಹೋಗಲಿ" ಅಂತ ಬಿಟ್ಟ ಮರಿ ಯಾವಾಗಲೂ ಸುಮ್ನೆ ನಿದ್ದೆಯಲ್ಲಿ ಹೋಗಿಬಿಡುತ್ತದೆ ಅಂತೇನಿಲ್ಲ. ಕೆಲವು ಗಂಟೆಗಟ್ಟಲೆ ಉಸಿರಿಗೆ ಒದ್ದಾಡುತ್ತವೆ, ಕಾಲು ಸೆಟೆಯುತ್ತವೆ, ತಲೆ ಹಿಂದಕ್ಕೆ ಬಾಗುತ್ತದೆ. ನಿಮ್ಮ ಅತ್ತೆಯವರು ಕಲ್ಲುಮನಸ್ಸಿನಿಂದ ಹೇಳಿರಲಿಕ್ಕಿಲ್ಲ, ಹಿಂದೆ ಬೇರೆ ದಾರಿಯೇ ಇರಲಿಲ್ಲ ಅಲ್ವಾ?

ಹೇಗೆ ಅನ್ನುವುದು. ಡಾಕ್ಟರು ಸಿಗುವುದಾದರೆ ಅವರ ಕೈಯಲ್ಲೇ ಆಗಲಿ, ಇಂಜೆಕ್ಷನ್ ಕೊಡುತ್ತಾರೆ. ಡಾಕ್ಟರು ಸಿಗದೆ, ಮರಿ ತೀರಾ ಒದ್ದಾಡುತ್ತಿದ್ದರೆ, ಕೋಳಿ ಸಾಕಿ ಅನುಭವ ಇರುವವರು ಒಂದೇ ಎಳೆತಕ್ಕೆ ಕತ್ತಿನ ಮೂಳೆ ಬೇರ್ಪಡಿಸುತ್ತಾರೆ. ಕೈ ಪಳಗಿದ್ದರೆ ಕ್ಷಣದಲ್ಲಿ ಮುಗಿಯುತ್ತದೆ. ಪಳಗದ ಕೈಯಲ್ಲಿ ಅದೇ ಹಿಂಸೆ, ಹಾಗಾಗಿ ಓದಿ ತಿಳಿದು ಮೊದಲ ಸಲ ನೀವೇ ಮಾಡಲು ಹೋಗಬೇಡಿ, ಬಲ್ಲವರನ್ನು ಕರೆಯಿರಿ. ಆಮೇಲೆ ರೆಕ್ಕೆ ಬಡಿಯುವುದು, ಕಾಲು ಅದುರುವುದು ಇರುತ್ತದೆ, ಅದು ನರಗಳ ಸೆಳೆತ, ಮರಿಗೆ ಆಗ ಏನೂ ಗೊತ್ತಾಗುತ್ತಿರುವುದಿಲ್ಲ. ಉಸಿರಿಲ್ಲ, ಎದೆಬಡಿತ ಇಲ್ಲ, ಕಣ್ಣಿನ ಗುಡ್ಡೆ ಮುಟ್ಟಿದರೂ ರೆಪ್ಪೆ ಆಡುವುದಿಲ್ಲ, ಇಷ್ಟನ್ನೂ ಕೆಲವು ನಿಮಿಷ ನೋಡಿ ಖಚಿತ ಮಾಡಿಕೊಳ್ಳಬೇಕು.

ನೀರಿನಲ್ಲಿ ಮುಳುಗಿಸುವುದು ಬೇಡವೇ ಬೇಡ. ಫ್ರೀಜರಿನಲ್ಲಿಟ್ಟರೆ ಹಾಯಾಗಿ ಹೋಗುತ್ತದೆ ಅನ್ನುವ ಮಾತು ಎಲ್ಲ ಕಡೆ ಓಡಾಡುತ್ತಿದೆ. ಅದು ಸುಳ್ಳು, ಎಚ್ಚರ ಇರುವ ಮರಿ ಚಳಿಯಲ್ಲಿ ನರಳಿ ಸಾಯುತ್ತದೆ. ಸೋಡಾ ಪುಡಿಗೆ ವಿನೆಗರ್ ಹಾಕಿ ಗ್ಯಾಸ್ ಮಾಡುವುದನ್ನೂ ಕೆಲವರು ಹೇಳುತ್ತಾರೆ. ಮೊಟ್ಟೆಯೊಳಗೆ ಕಾರ್ಬನ್ ಡೈಆಕ್ಸೈಡ್ ಜಾಸ್ತಿ ಇರುವುದರಿಂದ ಹೊಸ ಮರಿಗಳು ಅದನ್ನು ದೊಡ್ಡ ಕೋಳಿಗಿಂತ ಹೆಚ್ಚು ತಡೆದುಕೊಳ್ಳುತ್ತವೆ. ಮನೆಯಲ್ಲಿ ಮಾಡಿದ ಗ್ಯಾಸ್ ಎಷ್ಟಿದೆ ಅಂತ ಅಳೆಯೋಕೂ ಆಗಲ್ಲ. ಅರ್ಧ ಜೀವ ಇಟ್ಟುಕೊಂಡು ನರಳುತ್ತದೆ.

ಬಿಳಿಪುಕ್ಕ:

ಮುಂಗೋಳಿ ಅಣ್ಣ ಹೇಳಿದ್ದಕ್ಕೆ ನನ್ನದೂ ಒಪ್ಪಿಗೆ. ಹೊಕ್ಕುಳೇ ಅಂತಾದ ಮೇಲೆ ನಾನೂ ಹೆಚ್ಚು ಎಳೆಯಬೇಡಿ ಅಂತಲೇ ಹೇಳುತ್ತೇನೆ. ಇವತ್ತು ರಾತ್ರಿಗೆ ಒಂದು ಸಣ್ಣ ವಿಷಯ: ಒಂಟಿಯಾಗಿ ಇಟ್ಟರೆ ಮರಿ ಗಾಬರಿಯಾಗುತ್ತದೆ, ಒಟ್ಟಿಗೆ ಇಟ್ಟರೆ ಉಳಿದವು ಒದ್ದೆ ಹೊಕ್ಕುಳನ್ನೇ ಕುಕ್ಕುತ್ತವೆ. ಬಾಕ್ಸನ್ನು ಅವುಗಳ ಸದ್ದು ಕೇಳುವಷ್ಟು ದೂರದಲ್ಲಿಡಿ, ಜೋರು ಬೆಳಕು ಬೇಡ. ಅರ್ಧ ಗಂಟೆಗೊಮ್ಮೆ ಎತ್ತಿ ನೋಡಬೇಡಿ, ಅದನ್ನು ಎತ್ತಿದಾಗಲೆಲ್ಲ ಸುಸ್ತಾಗುತ್ತದೆ.

ಹಿತ್ತಲಕೋಳಿ:

ಬೆಳಗ್ಗೆ ಡಾಕ್ಟರ ಹತ್ತಿರ ಹೋಗಿ ಬಂದೆವು. ರಾತ್ರಿ ನೀರು ನುಂಗುವುದನ್ನು ಪೂರ್ತಿ ನಿಲ್ಲಿಸಿತ್ತು. ಅವರು ಹೊಟ್ಟೆ ನೋಡಿದ ಕೂಡಲೇ ಸೋಂಕು ಒಳಗೆಲ್ಲ ಹರಡಿದೆ ಅಂದರು, ಔಷಧಿ ಕೊಡಬಹುದು, ಆದರೆ ಕೊಡಿ ಅಂತ ನಾನು ಹೇಳಲಾರೆ ಅಂದರು. ಇಂಜೆಕ್ಷನ್‌ಗೆ ಒಪ್ಪಿದೆ. ಬೇಗ ಆಯಿತು. ಮಗಳಿಗೆ ನೀವು ಹೇಳಿದ ಹಾಗೇ ಹೇಳಿದೆ, ತುಂಬಾ ಅತ್ತಳು, ಆಮೇಲೆ "ಈಗ ನೋವಿಲ್ಲ ತಾನೇ" ಅಂತ ಕೇಳಿ ಖಚಿತ ಮಾಡಿಕೊಂಡಳು. ನನಗೂ ಸಂಕಟ ಆಗಿದೆ, ಆದರೆ ಮಾಡಿದ್ದು ಸರಿ ಅನ್ನುವುದರಲ್ಲಿ ಅನುಮಾನ ಇಲ್ಲ. ನಿಮಗೆಲ್ಲ ಮನಸಾರೆ ಥ್ಯಾಂಕ್ಸ್.

ಉಳಿದ ಮರಿಗಳಿಗೆ ಇದು ಹರಡುತ್ತದಾ? ಹೂಳುವುದರಲ್ಲಿ ಏನಾದರೂ ಎಚ್ಚರಿಕೆ ಬೇಕಾ?

ಕಾವುಗೂಡು:

ಒಳ್ಳೆಯ ನಿರ್ಧಾರ ಅಕ್ಕ. ಹೂಳುವುದು ಆಳದಲ್ಲಿ ಇರಲಿ, ಮೇಲೆ ಕಲ್ಲು ಇಡಿ. ಇಂಥ ಇಂಜೆಕ್ಷನ್ನಿನ ಔಷಧಿ ಮೈಯಲ್ಲಿ ಹಾಗೇ ಉಳಿಯುತ್ತದೆ, ನಾಯಿ ಬೆಕ್ಕು ಅಗೆದು ತಿಂದರೆ ಅವೂ ಸಾಯಬಹುದು.

ಹೊಕ್ಕುಳ ಸೋಂಕು ನೆಗಡಿಯ ಹಾಗೆ ಒಂದರಿಂದ ಒಂದಕ್ಕೆ ಹಬ್ಬುವುದಿಲ್ಲ, ಆದರೆ ಒಂದೇ ಇನ್‌ಕ್ಯುಬೇಟರಿನಿಂದ ಬಂದ ಬೇರೆ ಮರಿಗಳಿಗೂ ಅದೇ ಕೊಳೆ ತಾಗಿರಬಹುದು. ಉಳಿದವುಗಳ ಹೊಕ್ಕುಳು ಇವತ್ತೇ ನೋಡಿ. ಒಣಗಿ ಮುಚ್ಚಿದ್ದರೆ ಏನೂ ಮಾಡಬೇಡಿ. ಎಲ್ಲಾದರೂ ತೆರೆದಿದ್ದರೆ ಪೊವಿಡೋನ್ ಅಯೋಡಿನ್ ಒಂದು ತೊಟ್ಟು ಹಚ್ಚಿ, ಒಣಗುವವರೆಗೆ ಬೇರೆ ಇಡಿ. ಬ್ರೂಡರಿನ (ಮರಿಗಳನ್ನು ಬೆಚ್ಚಗೆ ಇಡುವ ಬಾಕ್ಸಿನ) ಹಾಸು ಪೂರ್ತಿ ಬದಲಾಯಿಸಿ, ನೀರಿನ ಪಾತ್ರೆ ದಿನಾ ತೊಳೆಯಿರಿ. ಬಿಸಿಯನ್ನು ವಾರಕ್ಕೆ 3 ಡಿಗ್ರಿಯಷ್ಟು ಇಳಿಸುತ್ತಾ ಬನ್ನಿ. ಇನ್ನೂ ಒಂದೆರಡು ಸತ್ತರೆ ಒಂದನ್ನು ಹೂಳದೆ ತಣ್ಣಗೆ ಫ್ರಿಜ್ಜಿನಲ್ಲಿಟ್ಟು (ಫ್ರೀಜರಿನಲ್ಲಿ ಬೇಡ, ಮಾಂಸ ಹಾಳಾಗಿ ಪರೀಕ್ಷೆಗೆ ಬರುವುದಿಲ್ಲ) ಬೇಗ ಡಾಕ್ಟರಿಗೆ ಕೊಡಿ, ಕೊಯ್ದು ನೋಡಿ ಕಾರಣ ಹೇಳುತ್ತಾರೆ. ಎರಡು ಮೂರು ಕವರಿನಲ್ಲಿ ಸುತ್ತಿಡಿ, ಊಟದ ಸಾಮಾನು ಇರುವ ಫ್ರಿಜ್ಜಿನಲ್ಲಿ ಮಾತ್ರ ಇಡಬೇಡಿ. ಒಮ್ಮೆಲೇ ಬಹಳ ಸತ್ತರೆ ಮಾತ್ರ ನೀವು ಮುಟ್ಟಲೇಬೇಡಿ, ಡಾಕ್ಟರನ್ನೇ ಕರೆಸಿ.

ಮುಂದಿನ ಸಲ ಮೊಟ್ಟೆ ಇಡುವಾಗ ಹಿಕ್ಕೆ ಹತ್ತಿದ್ದು, ಬಿರುಕು ಬಿಟ್ಟಿದ್ದು ಬಿಟ್ಟುಬಿಡಿ. ತಣ್ಣೀರಿನಲ್ಲಿ ತೊಳೆದು ಇಡೋದೂ ಬೇಡ. ಒಳಗಿನದು ಕುಗ್ಗಿ, ಚಿಪ್ಪಿನ ರಂಧ್ರಗಳಿಂದ ಹೊರಗಿನ ಕೊಳೆಯನ್ನೇ ಒಳಗೆ ಎಳೆದುಕೊಳ್ಳುತ್ತದೆ. ತೇವ ಜಾಸ್ತಿಯಾದರೂ ಹೊಕ್ಕುಳು ಮುಚ್ಚದೆ ಮರಿ ಒದ್ದೆಮುದ್ದೆಯಾಗಿ ಹೊರಬರುತ್ತದೆ, ಹಾಗಾಗಿ ಇನ್‌ಕ್ಯುಬೇಟರಿನ ತೇವ ತೋರಿಸುವ ಮೀಟರ್ ಸರಿಯಾಗಿದೆಯಾ ಅಂತಲೂ ಒಮ್ಮೆ ನೋಡಿಸಿ. ಮರಿಗಳನ್ನು ತೆಗೆದ ಮೇಲೆ ಒಳಗಿನ ಪುಕ್ಕ, ಚಿಪ್ಪು ಎಲ್ಲ ತೆಗೆದು ತೊಳೆದು, ಸೋಂಕುನಾಶಕ ಹಾಕಿ ಒರೆಸಿ, ಪೂರ್ತಿ ಒಣಗಿದ ಮೇಲಷ್ಟೇ ಮುಂದಿನ ಮೊಟ್ಟೆ ಇಡಿ. ಉಳಿದ ಮರಿಗಳ ಹೊಕ್ಕುಳು ನೋಡಿ ಹೇಗಿದೆ ಅಂತ ಬರೆಯಿರಿ.