ಕರೆಂಟ್ ಹೋದಾಗ ಕಾರಿನಿಂದ ಮನಿಗೆ: ವಿ2ಎಲ್ ವೈರಿಂಗ್ ಹೆಂಗ ಮಾಡಿಸಬೇಕ್ರಿ?

ಗೋಕುಲರೋಡ್

ನಮಸ್ಕಾರ್ರಿ ಎಲ್ಲಾರಿಗೂ. ಹುಬ್ಬಳ್ಳಿ ಗೋಕುಲ ರೋಡ್ ಕಡೆ ಮನಿ. ಸಿಂಗಲ್ ಫೇಸ್, ವೈರಿಂಗ್ 20 ವರ್ಷ ಹಳೇದು. ಕಾರು ನೆಕ್ಸಾನ್ ಇವಿ, 45 ಯೂನಿಟ್ ಬ್ಯಾಟರಿ. ಕಾರಿನ ಚಾರ್ಜಿಂಗ್ ಪೋರ್ಟಿಗೆ ಹಾಕೋ ವಿ2ಎಲ್ (ಕಾರಿನ ಬ್ಯಾಟರಿಯಿಂದ ಹೊರಗಿನ ಸಾಮಾನಿಗೆ ಕರೆಂಟ್ ಕೊಡೋ) ಅಡಾಪ್ಟರ್ ಐತಿ, 3.3 ಕೆವಿಎ ಕೊಡತೈತಿ. ಲೈಟು, ಫ್ಯಾನಿಗೆ 150 ಎಎಚ್ ಬ್ಯಾಟರಿ ಇರೋ ಇನ್ವರ್ಟರ್ ಬ್ಯಾರೆ ಐತಿ.

ಮೇ ತಿಂಗಳ ಗಾಳಿ ಮಳಿಗೆ ಟೊಂಗಿ ಮುರಿದು ಲೈನ್ ಮ್ಯಾಲೆ ಬಿದ್ರ ಕರೆಂಟ್ ಯಾವಾಗ ಬರತೈತಿ ಹೇಳಾಕ ಬರಂಗಿಲ್ಲ. ನಳ ಬರೋದು ದಿನ ಬಿಟ್ಟು ದಿನ ಅಲ್ಲ, ಅದಕ್ಕಿಂತ ತಡ. ಸಂಪ್ ತುಂಬಿದ್ರೂ 1 ಎಚ್‌ಪಿ ಪಂಪ್ ತಿರಗಲಿಲ್ಲಂದ್ರ ಮ್ಯಾಲಿನ ಟಾಕಿಗೆ ನೀರಿಲ್ಲ. ಫ್ರಿಜ್, ನಾಲ್ಕು ಫ್ಯಾನ್, ಲೈಟು, ಮಿಕ್ಸಿ, ಪಂಪ್, ಇಷ್ಟು ನಡದ್ರ ಸಾಕು.

ವೈರಿಂಗ್ ಮಾಡೋರು ಒಬ್ಬರು "ಎರಡೂ ತುದಿಗೆ ಗಂಡು ಪಿನ್ ಇರೋ ವೈರ್ ಮಾಡಿಕೊಡ್ತೀನಿ, ಮೇನ್ ಆಫ್ ಮಾಡಿ 16 ಆಂಪ್ ಸಾಕೆಟ್ಟಿಗೆ ಚುಚ್ಚಿಬಿಡ್ರಿ, ಮನಿ ತುಂಬ ಕರೆಂಟ್" ಅಂದ್ರು. ಇದು ಸರಿ ಏನ್ರಿ? ಇಲ್ಲಂದ್ರ ಸರಿಯಾದ ದಾರಿ ಯಾವುದು?

ಲೈನ್‌ಸೈಡ್_ಧಾರವಾಡ

ಆ ವೈರ್ ಮಾಡಿಸಲೇಬೇಡಿ ಸರ್. ಮಾಡಿಸಿದ್ದರೆ ಇವತ್ತೇ ಕತ್ತರಿಸಿ ಹಾಕಿ.

ಒಂದು ತುದಿ ಕಾರಿನ ಕಡೆ ಸಿಕ್ಕಿಸಿದ ಕೂಡಲೇ ಇನ್ನೊಂದು ತುದಿಯ ಹಿತ್ತಾಳೆ ಪಿನ್ನಿನಲ್ಲಿ 230 ವೋಲ್ಟ್ ಬಯಲಾಗಿ ನಿಂತಿರುತ್ತದೆ. ಕತ್ತಲಲ್ಲಿ ಸಾಕೆಟ್ ತಡಕಾಡುವ ಕೈ ಅದನ್ನೇ ಮುಟ್ಟುತ್ತದೆ. ಎರಡನೆಯದು ಇನ್ನೂ ದೊಡ್ಡದು. ಮೇನ್ ಆಫ್ ಮಾಡುವುದನ್ನು ಮನೆಯಲ್ಲಿ ಯಾರಾದರೂ ಒಂದೇ ಒಂದು ಸಲ ಮರೆತರೆ ಕಾರಿನ ಕರೆಂಟ್ ಮೀಟರ್ ದಾಟಿ ಕಂಬಕ್ಕೆ ಹೋಗುತ್ತದೆ. ಓಣಿಯ ಲೋಡ್ ಎಲ್ಲ ಮೇಲೆ ಬಿದ್ದರೆ ಕಾರು ಟ್ರಿಪ್ ಆಗುತ್ತದೆ, ನಿಜ. ಆದರೆ ಕಂಬದ ಮೇಲೆ ಜಂಪರ್ (ಲೈನಿಗೆ ಜೋಡಿಸುವ ತುಂಡು ತಂತಿ) ಹರಿದು ನಿಮ್ಮ ಮನೆಯ ತಂತಿ ಮಾತ್ರ ಬೇರೆಯಾಗಿದ್ದರೆ? ಲೋಡ್ ಇಲ್ಲ, ಟ್ರಿಪ್ ಇಲ್ಲ. ಸತ್ತ ಲೈನ್ ಎಂದು ಹತ್ತಿದ ಹೆಸ್ಕಾಂ ಲೈನ್‌ಮ್ಯಾನ್ ಕೈಗೆ ಜೀವಂತ ತಂತಿ ಸಿಗುತ್ತದೆ. ಅದು ಟಿಸಿವರೆಗೆ (ಓಣಿಯ ಟ್ರಾನ್ಸ್‌ಫಾರ್ಮರ್‌ವರೆಗೆ) ಹೋದರೆ ಆಚೆ ಬದಿಯಲ್ಲಿ 11 ಕೆವಿ ಆಗಿ ಏರುತ್ತದೆ. ಮನುಷ್ಯರ ನೆನಪಿನ ಮೇಲೆ ಇದನ್ನು ಬಿಡಬಾರದು. ಎರಡೂ ಕರೆಂಟ್ ಒಟ್ಟಿಗೆ ಸೇರಲು ಸಾಧ್ಯವೇ ಇಲ್ಲದಂತೆ ಸ್ವಿಚ್ಚೇ ತಡೆಯಬೇಕು.

ಬೇಕಾಗುವ ಸಾಮಾನು:

- ಡಬಲ್ ಪೋಲ್ ಚೇಂಜ್‌ಓವರ್ ಸ್ವಿಚ್: ಮನೆಯನ್ನು ಲೈನಿಗೆ ಇಲ್ಲವೇ ಕಾರಿಗೆ, ಒಂದು ಸಲಕ್ಕೆ ಒಂದಕ್ಕೆ ಮಾತ್ರ ಜೋಡಿಸುವುದು. ನಡುವೆ ಆಫ್ ಇರುವ ಮೂರು ಸ್ಥಾನದ್ದು, 40 ಆಂಪ್ ಅಥವಾ ನಿಮ್ಮ ಮೇನ್ ಎಷ್ಟಿದೆಯೋ ಅದಕ್ಕಿಂತ ಕಡಿಮೆ ಇಲ್ಲದ್ದು. ಫೇಸ್ ಜತೆಗೆ ನ್ಯೂಟ್ರಲ್ ಕೂಡ ಕಡಿಯಬೇಕು. ಅಗ್ಗ ಎಂದು ಸಿಂಗಲ್ ಪೋಲ್ ತರಬೇಡಿ.
- ಗೋಡೆಗೆ ನೀಲಿ ಬಣ್ಣದ 16 ಆಂಪ್ ಇಂಡಸ್ಟ್ರಿಯಲ್ ಇನ್‌ಲೆಟ್, ಮುಚ್ಚಳ ಇರುವುದು. ಗಂಡು ಪಿನ್ ಗೋಡೆಯಲ್ಲಿ ಇರಬೇಕು, ಕಾರಿನಿಂದ ಬರುವ ಕೇಬಲ್ ತುದಿಗೆ ಹೆಣ್ಣು ಸಾಕೆಟ್.
- 16 ಆಂಪ್ ಡಬಲ್ ಪೋಲ್ ಎಂಸಿಬಿ (ಓವರ್‌ಲೋಡ್, ಶಾರ್ಟ್ ಆದರೆ ಬೀಳುವ ಸ್ವಿಚ್), 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಭೂಮಿಗೆ ಸೋರಿದರೆ ಬೀಳುವ ಸ್ವಿಚ್). ಎರಡೂ ಇನ್‌ಲೆಟ್ ಮತ್ತು ಚೇಂಜ್‌ಓವರ್ ನಡುವೆ.
- ಮೂರು ಕೋರ್ ತಾಮ್ರದ ಫ್ಲೆಕ್ಸಿಬಲ್ ಕೇಬಲ್. 15 ಮೀಟರ್‌ವರೆಗೆ 2.5 ಚದರ ಮಿಲಿಮೀಟರ್ ಸಾಕು: 14 ಆಂಪ್ ಹರಿದರೂ ಸುಮಾರು 4 ವೋಲ್ಟ್ ಅಷ್ಟೇ ಇಳಿಯುತ್ತದೆ. 25 ಮೀಟರ್ ಆದರೆ 4 ಚದರ ಮಿಮೀ. ಸುರುಳಿ ಸುತ್ತಿದ ಕೇಬಲ್ ಹಾಗೇ ಬಳಸಬೇಡಿ, ಪೂರ್ತಿ ಬಿಚ್ಚಿ. ಸುರುಳಿಯ ಒಳಗಿನ ಸುತ್ತುಗಳಿಗೆ ಶಾಖ ಹೊರಗೆ ಹೋಗಲು ದಾರಿಯೇ ಇರುವುದಿಲ್ಲ, ಇನ್ಸುಲೇಶನ್ ಮೆತ್ತಗಾಗುತ್ತದೆ.

ಚೇಂಜ್‌ಓವರ್‌ನಿಂದ ಒಂದು ಚಿಕ್ಕ ಡಿಬಿ (ಎಂಸಿಬಿಗಳನ್ನು ಕೂರಿಸುವ ಪೆಟ್ಟಿಗೆ) ಮಾಡಿಸಿ ಫ್ರಿಜ್, ಪಂಪ್, ಲೈಟು, ಅಡುಗೆಮನೆಯ ಒಂದು ಸಾಕೆಟ್ ಅದಕ್ಕೆ ತನ್ನಿ. ಕೆಲಸ ಲೈಸೆನ್ಸ್ ಇರುವ ಕಾಂಟ್ರಾಕ್ಟರ್ ಕೈಯಲ್ಲೇ ಆಗಲಿ. ಮನೆಯ ವೈರಿಂಗಿಗೆ ವಿ2ಎಲ್ ಜೋಡಿಸುವ ಬಗ್ಗೆ ಕಾರಿನ ಮ್ಯಾನ್ಯುಯಲ್ ಏನು ಹೇಳುತ್ತದೆ ಎಂಬುದನ್ನು ದುಡ್ಡು ಖರ್ಚು ಮಾಡುವ ಮುಂಚೆ ಓದಿ.

ಎರಿಮಣ್ಣು_ಗದಗ

ಮ್ಯಾಲಿನವರು ಹೇಳಿದ್ದು ಬರೋಬ್ಬರಿ ಐತಿ. ಚಿಕ್ಕ ಡಿಬಿ ವಿಷಯದಾಗ ಮಾತ್ರ ನನ್ನ ಅಭಿಪ್ರಾಯ ಬ್ಯಾರೆ.

20 ವರ್ಷದ ವೈರಿಂಗ್ ಅಂದ್ರ ಎಲ್ಲಾ ಸರ್ಕೀಟಿನ ನ್ಯೂಟ್ರಲ್ ಒಂದ ಲಿಂಕಿಗೆ (ಹಿತ್ತಾಳಿ ಪಟ್ಟಿಗೆ) ಬಿಗಿದಿರ್ತಾರ. ಇನ್ವರ್ಟರ್ ಹಾಕುವಾಗ ಫೇಸ್ ವೈರ್ ಒಂದ ಬೋರ್ಡಿಂದ ಬೋರ್ಡಿಗೆ ಎಳೀತಾರ, ನ್ಯೂಟ್ರಲ್ ಹಳೇದ. ಇಂಥಾ ಮನ್ಯಾಗ ಫ್ರಿಜ್ಜಿನ ಫೇಸ್ ಚಿಕ್ಕ ಡಿಬಿಗೆ ತಂದು ನ್ಯೂಟ್ರಲ್ ಹಳೇ ಲಿಂಕಿನಾಗ ಬಿಟ್ರ ಏನಾಗತೈತಿ? ಕಾರಿನಿಂದ ಹೋದ ಕರೆಂಟಿಗೆ ತಿರುಗಿ ಬರೋ ದಾರಿ ಇಲ್ಲ. ಎಲ್ಲೋ ನ್ಯೂಟ್ರಲ್ ಕೂಡಿತ್ತಂದ್ರ ಆರ್‌ಸಿಸಿಬಿ ಎತ್ತಿದ ಕೂಡಲೇ ಬೀಳತೈತಿ. ಆವಾಗ ಬ್ಯಾಸತ್ತು ಆರ್‌ಸಿಸಿಬಿನ ಕಿತ್ತು ಹಾಕೋರ ಜಾಸ್ತಿ. ಅದಕ್ಕ ಸಿಂಗಲ್ ಫೇಸ್ ಹಳೇ ಮನಿಗೆ ಮೇನ್ ಆದ ಮ್ಯಾಲೆ ಇಡೀ ಮನಿನ ಚೇಂಜ್‌ಓವರ್ ಮ್ಯಾಲೆ ಹಾಕ್ರಿ. ಕಾರಿನ ಮ್ಯಾಲೆ ನಡಸುವಾಗ ಗೀಜರ್, ಎಸಿ, ಇಸ್ತ್ರಿ ಸಾಕೆಟ್ಟಿನ ಎಂಸಿಬಿ ಇಳಿಸಿಬಿಡ್ರಿ. ಮರತ್ರೂ ಓವರ್‌ಲೋಡ್ ಆಗಿ ಕಾರು ತಾನ ನಿಲ್ಲತೈತಿ, ಕಂಬಕ್ಕಂತೂ ಹೋಗಂಗಿಲ್ಲ. ಮೇನಿನಾಗ ನ್ಯೂಟ್ರಲ್ಲಿಗೂ ಕಿಟ್‌ಕ್ಯಾಟ್ ಫ್ಯೂಸ್ ಇದ್ರ ಇದ ಕೆಲಸದಾಗ ಅದನ್ನ ತಗಸ್ರಿ.

ಇನ್ನ ಅರ್ಥಿಂಗ್. ಇದನ್ನ ಯಾರೂ ನೋಡಂಗಿಲ್ಲ, ಜೀವ ಉಳಿಸೋದು ಮಾತ್ರ ಇದ. ಕಾರು ರಬ್ಬರ್ ಟೈರ್ ಮ್ಯಾಲೆ ನಿಂತೈತಿ. ಭಾಳ ಕಾರಿನಾಗ ವಿ2ಎಲ್ ಔಟ್‌ಪುಟ್ ಭೂಮಿಗೆ ಯಾವ ಸಂಬಂಧನೂ ಇಲ್ದ ತೇಲ್ತಿರತೈತಿ. ಅಡಾಪ್ಟರ್ ಸಾಕೆಟ್ಟಿಗೆ ಟೆಸ್ಟರ್ ಹಚ್ಚಿ ನೋಡ್ರಿ: ಎರಡೂ ತೂತಿನ್ಯಾಗ ಮಿಣಿಮಿಣಿ ಅಂತ ಅರ್ಧ ಬೆಳಕು ಕಂಡ್ರ ಅದ ತೇಲೋದು. ಟೆಸ್ಟರ್ ನಂಬಬ್ಯಾಡ್ರಿ, ಮಲ್ಟಿಮೀಟರ್ ತಗೊಂಡು ಅಡಾಪ್ಟರ್ ಸಾಕೆಟ್ಟಿನ ಅರ್ಥ್ ತೂತಿನಿಂದ ಉಳಿದ ಎರಡೂ ತೂತು ಅಳೀರಿ. ಎರಡಕ್ಕೂ 115 ವೋಲ್ಟ್ ಆಸುಪಾಸು ಬಂದ್ರ ತೇಲತೈತಿ. ಒಂದಕ್ಕ 230, ಇನ್ನೊಂದಕ್ಕ ಸೊನ್ನೆ ಬಂದ್ರ ಒಳಗ ನ್ಯೂಟ್ರಲ್-ಅರ್ಥ್ ಕೂಡಿಸ್ಯಾರ.

ತೇಲೋ ಸಪ್ಲೈ ಮ್ಯಾಲೆ ಆರ್‌ಸಿಸಿಬಿ ಇದ್ದೂ ಇಲ್ದಂಗ. ಫ್ರಿಜ್ ಬಾಡಿಗೆ ಫೇಸ್ ತಾಗಿದ್ರೂ ಕರೆಂಟ್ ಭೂಮಿ ಮೂಲಕ ಕಾರಿಗೆ ತಿರುಗಾಕ ದಾರಿ ಇಲ್ಲ, ಹಂಗಾಗಿ ಬೀಳಂಗಿಲ್ಲ. ಮೊದಲನೇ ದೋಷ ಗೊತ್ತ ಆಗಂಗಿಲ್ಲ, ಎರಡನೇ ದೋಷ ಆದಾಗ ಶಾಕ್. ಎಂಸಿಬಿ ನಂಬೂದಕ್ಕೂ ಬರಂಗಿಲ್ಲ: ಸಿ ಕರ್ವ್ 16 ಆಂಪ್ ಎಂಸಿಬಿ ಶಾರ್ಟ್ ಸರ್ಕೀಟಿಗೆ ಪಟ್ಟನ ಬೀಳಬೇಕಂದ್ರ 80ರಿಂದ 160 ಆಂಪ್ ಬೇಕು, ಕಾರಿನ ಎಲೆಕ್ಟ್ರಾನಿಕ್ಸ್ ಅಷ್ಟು ಕೊಡೂಕಿಂತ ಮೊದಲ ಕೈ ಎತ್ತತೈತಿ.

ಪರಿಹಾರ ಏನಂದ್ರ, ಇನ್‌ಲೆಟ್ ಕಡೆ, ಆರ್‌ಸಿಸಿಬಿಗಿಂತ ಮೊದಲ, ನ್ಯೂಟ್ರಲ್ ಮತ್ತ ಮನಿ ಅರ್ಥ್ ಒಂದ ಕಡೆ ಕೂಡಿಸಬೇಕು. ಆರ್‌ಸಿಸಿಬಿ ದಾಟಿದ ಮ್ಯಾಲೆ ಕೂಡಿಸಿದ್ರ ದೋಷದ ಕರೆಂಟ್ ಆರ್‌ಸಿಸಿಬಿ ಒಳಗಿಂದನ ತಿರುಗಿ ಹೋಗತೈತಿ, ಅದಕ್ಕ ಗೊತ್ತಾಗಂಗಿಲ್ಲ, ಬೀಳಂಗಿಲ್ಲ. ಡಬಲ್ ಪೋಲ್ ಚೇಂಜ್‌ಓವರ್ ಇದ್ದದ್ದಕ್ಕ ಈ ಕೂಡಿಕೆ ಹೆಸ್ಕಾಂ ನ್ಯೂಟ್ರಲ್ಲಿಗೆ ತಾಗಂಗಿಲ್ಲ. ಕಾರಿನೊಳಗ ಮೊದಲ ಕೂಡಿಸಿದ್ರ ಇನ್ನೊಂದು ಹಾಕಬ್ಯಾಡ್ರಿ. ಕೂಡಿಸಿದ ಕೂಡಲೇ ಕಾರು ದೋಷ ತೋರಿಸಿ ವಿ2ಎಲ್ ನಿಲ್ಲಿಸಿದ್ರ, ಆ ಕಾರಿಗೆ ಮನಿ ವೈರಿಂಗ್ ಒಗ್ಗಂಗಿಲ್ಲಂತ ತಿಳೀರಿ. ಅದನ್ನ ಮೀರಾಕ ಹೋಗಬ್ಯಾಡ್ರಿ. ಉದ್ದ ಕೇಬಲ್ ಎಳದು ಫ್ರಿಜ್ ಒಂದ, ಪಂಪ್ ಒಂದ ಅಂತ ನೇರ ಹಚ್ಚಿ ನಡಸ್ರಿ.

ಮನಿ ಅರ್ಥ್ ಗುಂಡಿನೂ ನೋಡ್ರಿ. ನಮ್ಮ ಗದಗ, ನವಲಗುಂದ ಕಡೆ ಎರಿಮಣ್ಣು ಬ್ಯಾಸಗ್ಯಾಗ ಬಿರುಕು ಬಿಟ್ಟು ಪೈಪಿನಿಂದ ಸರೀತೈತಿ, ಅರ್ಥ್ ಹಿಡಿತ ಹೋಗತೈತಿ. ಗಾಳಿ ಮಳಿ ಬಂದು ಕರೆಂಟ್ ಹೋಗೋದೂ ಅದ ಬ್ಯಾಸಗಿ ಕೊನೀಗೆ. ಮಾರ್ಚ್‌ನಿಂದ ವಾರಕ್ಕೊಮ್ಮೆ ಗುಂಡಿಗೆ ಎರಡು ಕೊಡ ನೀರು ಹಾಕ್ರಿ.

ಯೂನಿಟ್‌ಲೆಕ್ಕ

ವೈರಿಂಗ್ ಆಯ್ತು, ಈಗ ಕಾರು ಎಷ್ಟು ದಿನ ನಡೆಸುತ್ತದೆ ಎಂಬ ಲೆಕ್ಕ.

80ರಿಂದ 30 ಪರ್ಸೆಂಟಿಗೆ ಇಳಿಸಿದರೆ 22.5 ಯೂನಿಟ್. ಪರಿವರ್ತನೆಯಲ್ಲಿ ಹೋಗುವುದು ಕಳೆದು 20 ಸಿಗುತ್ತದೆ ಎನ್ನಿ. ನಿಮ್ಮ ದಿನದ ಖರ್ಚು: ಫ್ರಿಜ್ 1.2, ಸಾಮಾನ್ಯ 70 ವ್ಯಾಟಿನ ನಾಲ್ಕು ಫ್ಯಾನ್ 10 ಗಂಟೆ 2.8, ಲೈಟು 0.5, ಟಿವಿ ಮತ್ತು ವೈಫೈ 0.6, ಮಿಕ್ಸಿ 0.2, ಪಂಪ್ ಅರ್ಧ ಗಂಟೆ 0.5. ಒಟ್ಟು 5.8. ಮೂರು ದಿನ ದಾಟುತ್ತದೆ ಅನಿಸುತ್ತದೆ, ಆದರೆ ಒಂದು ಖರ್ಚು ಲೆಕ್ಕದಲ್ಲಿ ಬಿಟ್ಟುಹೋಗಿದೆ. ವಿ2ಎಲ್ ಆನ್ ಇರುವವರೆಗೂ ಕಾರಿನ ಎಲೆಕ್ಟ್ರಾನಿಕ್ಸ್ ಎಚ್ಚರವಾಗಿಯೇ ಇರುತ್ತದೆ. ಅದಕ್ಕೆ 200 ವ್ಯಾಟ್ ಹಿಡಿದರೂ 24 ಗಂಟೆಗೆ 4.8 ಯೂನಿಟ್. ಒಂದು ಮನೆಗೆ ಬೇಕಾದಷ್ಟೇ ಹತ್ತಿರ ಹತ್ತಿರ! ಮೂರು ದಿನ ಎರಡಕ್ಕೆ ಇಳಿಯಿತು. ನಿಮ್ಮ ಕಾರಿನ ಅಂಕಿ ತಿಳಿಯಲು ಏನೂ ಲೋಡ್ ಇಲ್ಲದೆ ಮೂರು ಗಂಟೆ ವಿ2ಎಲ್ ಆನ್ ಇಟ್ಟು ಪರ್ಸೆಂಟ್ ನೋಡಿ. 2 ಪರ್ಸೆಂಟ್ ಇಳಿದರೆ 0.9 ಯೂನಿಟ್, ಅಂದರೆ 300 ವ್ಯಾಟ್.

ಹಾಗಾಗಿ ರಾತ್ರಿಯೆಲ್ಲ ಎರಡು ಫ್ಯಾನಿಗಾಗಿ ಕಾರು ಎಬ್ಬಿಸಿ ಕೂರಿಸಬೇಡಿ. ರಾತ್ರಿ ಇನ್ವರ್ಟರ್ ನೋಡಿಕೊಳ್ಳಲಿ. ಬೆಳಿಗ್ಗೆ ನಾಲ್ಕು ಗಂಟೆ, ಸಂಜೆ ನಾಲ್ಕು ಗಂಟೆ ಕಾರು ಆನ್ ಮಾಡಿ, ಆ ಹೊತ್ತಿಗೇ ಫ್ರಿಜ್, ಮಿಕ್ಸಿ, ಪಂಪ್, ಇನ್ವರ್ಟರ್ ಚಾರ್ಜಿಂಗ್ ಎಲ್ಲ ಮುಗಿಸಿ. ನಡುವೆ ಫ್ರಿಜ್ ಬಾಗಿಲು ತೆರೆಯದಿದ್ದರೆ ತಂಪು ನಿಲ್ಲುತ್ತದೆ.

ಪಂಪ್ ಬಗ್ಗೆ ಎಚ್ಚರ. 1 ಎಚ್‌ಪಿ ಮೋಟಾರ್ ಓಡುವಾಗ 5-6 ಆಂಪ್, ಎದ್ದೇಳುವ ಕ್ಷಣದಲ್ಲಿ ಅದರ ನಾಲ್ಕೈದು ಪಟ್ಟು. ಕಾರಿನ ಮಿತಿ 14 ಆಂಪ್. ಬೇರೆಲ್ಲ ಆಫ್ ಮಾಡಿ ಪಂಪ್ ಒಂದನ್ನೇ ಹಾಕಿ ನೋಡಿ. ಗುಂಯ್ ಎಂದು ನಿಂತರೆ ಅಥವಾ ಕಾರು ಟ್ರಿಪ್ ಆದರೆ ಮತ್ತೆ ಮತ್ತೆ ಒತ್ತಬೇಡಿ, ವೈಂಡಿಂಗ್ ಸುಡುತ್ತದೆ. ಮೊದಲು ಕೆಪಾಸಿಟರ್ ಅಳೆಸಿ, ಸೊರಗಿದ್ದರೆ ಬದಲಿಸಿ. ಆಗಲೂ ಏಳದಿದ್ದರೆ ಕರೆಂಟ್ ಇಲ್ಲದ ದಿನಕ್ಕೆಂದು ಅರ್ಧ ಎಚ್‌ಪಿ ಪಂಪ್ ಒಂದು ಇಡಿ. ಟಾಕಿ ತುಂಬಲು ಹೆಚ್ಚು ಹೊತ್ತು ಹಿಡಿಯುತ್ತದೆ, ತುಂಬುವುದಂತೂ ಖಾತ್ರಿ.

30 ಪರ್ಸೆಂಟಿನ ಮಿತಿಯನ್ನು ಕಾರಿನಲ್ಲೇ ಹಾಕಿಡಿ. 13.5 ಯೂನಿಟ್ ಉಳಿದರೆ ಸುಮಾರು 90 ಕಿಮೀ ಓಡುತ್ತದೆ. ಓಣಿಯೆಲ್ಲ ಕತ್ತಲಾದಾಗ ಆಸ್ಪತ್ರೆಗೋ ಧಾರವಾಡದಲ್ಲಿ ಚಾರ್ಜ್ ಮಾಡಿಕೊಳ್ಳಲೋ ಹೋಗಬೇಕಾದರೆ ಅದು ಬೇಕು.

ಗೋಕುಲರೋಡ್

ಭಾಳ ಉಪಕಾರ ಆತ್ರಿ. ಮೀಟರ್ ಹಚ್ಚಿ ನೋಡಿದೆ, ಎರಡೂ ಕಡೆ 112-118 ತೋರಿಸ್ತು. ತೇಲೋದ. ಇನ್ನೊಂದು ಕೇಳ್ಬೇಕಿತ್ತು: ಮಾಳಗಿ ಮ್ಯಾಲೆ 3 ಕಿಲೋವ್ಯಾಟ್ ಆನ್‌ಗ್ರಿಡ್ (ಹೆಸ್ಕಾಂ ಲೈನಿಗೆ ಕೂಡಿಸೋ) ಸೋಲಾರ್ ಹಾಕಿಸೋರಿದ್ದೀವಿ. ಹಗಲ ಕಾರಿನ ಜತಿ ಅದೂ ನಡೀತೈತೇನ್ರಿ?

ಎರಿಮಣ್ಣು_ಗದಗ

ನಡಸಬ್ಯಾಡ್ರಿ. ಆನ್‌ಗ್ರಿಡ್ ಇನ್ವರ್ಟರ್ ಲೈನ್ ಹೋದ್ರ ತಾನ ನಿಲ್ಲತೈತಿ, ಅದೂ ಲೈನ್‌ಮ್ಯಾನ್ ಸಲುವಾಗಿನ. ಆದ್ರ ಕಾರಿನ 230 ವೋಲ್ಟ್, 50 ಹರ್ಟ್ಜ್ ಕಂಡ್ರ ಹೆಸ್ಕಾಂ ಬಂತು ಅನ್ಕೊಂಡು ಚಾಲೂ ಆಗಬಹುದು. ಮನ್ಯಾಗ 500 ವ್ಯಾಟ್ ಖರ್ಚು, ಮ್ಯಾಲಿಂದ 2000 ವ್ಯಾಟ್ ಬಂದ್ರ ಉಳಿದದ್ದು ಕಾರಿನ ಔಟ್‌ಪುಟ್ಟಿಗೆ ಉಲ್ಟಾ ನುಗ್ಗತೈತಿ. ವಿ2ಎಲ್ ಕೊಡಾಕ ಮಾಡಿದ್ದು, ತಗೊಳ್ಳಾಕ ಅಲ್ಲ. ವೋಲ್ಟೇಜ್ ಏರಿ ಕಾರಿನ ಚಾರ್ಜರ್ ಹೋಗಬಹುದು, ಮನಿ ಟಿವಿನೂ. ಸೋಲಾರ್ ಕೂಡಿಕೆ ಚೇಂಜ್‌ಓವರ್‌ಗಿಂತ ಮೊದಲ, ಹೆಸ್ಕಾಂ ಕಡೆನ ಇರಬೇಕು. ಸೋಲಾರ್ ಹಾಕೋರಿಗೆ ಇದನ್ನ ಈಗ ಹೇಳಿಡ್ರಿ, ಆಮ್ಯಾಲೆ ಕೇಬಲ್ ತಿರುಗಿಸೋದು ಎರಡು ಕೆಲಸ.

ವೈರಿಂಗ್ ಮುಗಿದ ದಿನ ಕಾಂಟ್ರಾಕ್ಟರ್ ಹೋಗೂಕಿಂತ ಮೊದಲ ಹಿಂಗ ನೋಡ್ರಿ. ಮೇನ್ ಇಳಿಸಿ, ಚೇಂಜ್‌ಓವರ್ ಕಾರಿನ ಕಡೆ ಹಾಕಿ, ಮೇನಿನ ಔಟ್‌ಗೋಯಿಂಗ್ ಮ್ಯಾಲೆ ಫೇಸ್-ನ್ಯೂಟ್ರಲ್ ನಡುವ ಮೀಟರ್ ಹಚ್ರಿ, ಸೊನ್ನೆ ಬರಬೇಕು. ಮನಿ ಸಾಕೆಟ್ಟಿನಾಗ ನ್ಯೂಟ್ರಲ್-ಅರ್ಥ್ ಅಳೀರಿ, ಒಂದೆರಡು ವೋಲ್ಟ್ ಒಳಗಿರಬೇಕು. ಆರ್‌ಸಿಸಿಬಿ ಟೆಸ್ಟ್ ಗುಂಡಿ ಒತ್ರಿ, ಬೀಳಬೇಕು. ಆ ಗುಂಡಿ ತೇಲೋ ಸಪ್ಲೈ ಮ್ಯಾಲೂ ಬೀಳಸತೈತಿ, ಅಷ್ಟಕ್ಕ ಸಮಾಧಾನ ಆಗಬ್ಯಾಡ್ರಿ. ಆರ್‌ಸಿಸಿಬಿ ಟೆಸ್ಟರ್ ಇರೋರ ಕಡಿಂದ ಸಾಕೆಟ್ಟಿನಾಗ ಫೇಸ್-ಅರ್ಥ್ ನಡುವ 30 ಮಿಲಿಆಂಪ್ ಹರಿಸಿ ಬೀಳಿಸಿ ತೋರಿಸ್ಕೋರಿ.